ಪಟ್ಟಣದ ಮರಗಳೂ ಅವುಗಳ ವೈದ್ಯರೂ

ಬೇಸಗೆಯ ಕೊನೆಯಲ್ಲಿ ಭರಣಿ, ಕೃತ್ತಿಕೆಗಳ ಮಳೆ ಬಿರುಗಾಳಿಯನ್ನು ಮುಂದಿಟ್ಟುಕೊಂಡು ಬಂದುಹೋದ ಮರುದಿನ ಬೆಳಗ್ಗೆ, ಬೆಂಗಳೂರು ಮೈಸೂರುಗಳ ನಿವಾಸಿಗಳಾದ ನಾವು ಪ್ರತಿವರ್ಷವೂ ಒಂದೇ ನೋಟವನ್ನು ಕಾಣುತ್ತೇವೆ: ರಸ್ತೆಗೆ ಅಡ್ಡಲಾಗಿ ಮಲಗಿದ ಮರ, ಅದರಡಿಯಲ್ಲಿ ಜಜ್ಜಿಹೋದ ವಾಹನ, ಕಡಿದು ಜೋತುಬಿದ್ದ ವಿದ್ಯುತ್ತಿನ ತಂತಿ; ಕೆಲವು ವೇಳೆ, ಇವೆಲ್ಲಕ್ಕಿಂತಲೂ ದಾರುಣವಾಗಿ, ಮಳೆಗೆಂದು ಮರದಡಿಯಲ್ಲಿ ನಿಂತವರ ಸಾವು. ೨೦೨೪ನೆಯ ಇಸವಿ ಜೂನ್ ೨ರಂದು ಬೆಂಗಳೂರಿನಲ್ಲಿ ಒಂದೇ ದಿನ ೧೧೧ ಮಿಲಿಮೀಟರ್ ಮಳೆ ಸುರಿದಾಗ ನೂರಾರು ಮರಗಳೂ ಕೊಂಬೆಗಳೂ ನೆಲಕ್ಕುರುಳಿದುವು.

ಇಂಥ ಮರುದಿನಗಳಲ್ಲಿ ಪಟ್ಟಣದಲ್ಲಿ ಎರಡು ಪಕ್ಷಗಳು ಏಳುವುದುಂಟು. ಹಳೆಯ ಮರಗಳನ್ನೆಲ್ಲ ಕಡಿಸಿಬಿಡಿ, ಜೀವಕ್ಕಿಂತ ನೆರಳು ಹೆಚ್ಚೆ? ಎಂದು ಒಂದು ಪಕ್ಷ. ಒಂದು ರೆಂಬೆಯನ್ನೂ ಮುಟ್ಟಕೂಡದು, ಮರ ದೇವರ ಸಮಾನ ಎಂದು ಮತ್ತೊಂದು. ಎರಡರ ಕಳಕಳಿಯೂ ನಿಜವಾದುದೇ. ಆದರೆ ಮೊದಲನೆಯದು ಮರವನ್ನು ಬರಿಯ ಕಂಬವೆಂದು ಭಾವಿಸಿದೆ. ಎರಡನೆಯದು ಕಾಯಿಲೆ ಬಾರದ ದೇವತೆಯೆಂದು ಭಾವಿಸಿದೆ. ಮರವು ಇವೆರಡೂ ಅಲ್ಲ. ಅದು ಗಾಯಗೊಳ್ಳುವ, ಗಾಯವನ್ನು ತನ್ನದೇ ರೀತಿಯಲ್ಲಿ ತಡೆದುಕೊಳ್ಳುವ, ಒಮ್ಮೊಮ್ಮೆ ಸೋಲುವ ಒಂದು ಜೀವ. ಬೀದಿಯಲ್ಲಿ ಅಪಾಯಕಾರಿಯಾಗಿ ನಿಂತ ಮರವು ಬಹುಮಟ್ಟಿಗೆ ಹಾಗೆ ಹುಟ್ಟಿದುದಲ್ಲ, ಮನುಷ್ಯನ ಕೈಯಿಂದ ಹಾಗಾದುದು ಎಂಬುದನ್ನು ಈ ಭಾಷಣದಲ್ಲಿ ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಮ್ಮ ಸಾಲುಮರಗಳ ಹಿನ್ನೆಲೆಯನ್ನು ಮೊದಲು ಸ್ವಲ್ಪ ನೆನೆಯೋಣ. ೧೮೬೫ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಬಳಿಯ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ೧೮೯೩ರಲ್ಲಿ ಬರೋಡೆಗೂ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದ ಕ್ರುಂಬಿಗಲ್ ಮಹಾಶಯರು, ಒಂದು ಜಾತಿಯ ಹೂವು ಮುಗಿಯುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ಮಡಗಾಸ್ಕರ್ ದ್ವೀಪದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂದ ಮೊದಲಾದುವು ನಮ್ಮ ಹೊಂಗೆ ನೇರಳೆಗಳ ಪಕ್ಕದಲ್ಲಿ ನಿಂತುವು. ಅವು ಬೇರೂರಿದ್ದು ಜಟಕಾಬಂಡಿಗಳು ಓಡಾಡುತ್ತಿದ್ದ ಮಣ್ಣಿನ ಅಂಚುಗಳಲ್ಲಿ. ಇಂದು ಅದೇ ಅಂಚಿನಲ್ಲಿ ನೀರಿನ ಕೊಳವೆ, ಕೊಳಚೆಯ ಕೊಳವೆ, ದೂರವಾಣಿಯ ತಂತಿ, ಕಾಂಕ್ರೀಟು, ಕಲ್ಲುಹಾಸು ಎಲ್ಲವೂ ಇವೆ. ಮರ ನಿಂತಲ್ಲಿಯೇ ನಿಂತಿದೆ; ಅದರ ಸುತ್ತಣ ಲೋಕವು ಬದಲಾಯಿಸಿಬಿಟ್ಟಿದೆ.

ಮರಕ್ಕೆ ಗಾಯವಾದರೆ ಏನಾಗುತ್ತದೆ? ನಮ್ಮ ಬೆರಳು ಕೊಯ್ದರೆ ಕೆಟ್ಟ ಮಾಂಸವು ಹೋಗಿ ಅದೇ ಜಾಗದಲ್ಲಿ ಹೊಸದು ಬರುತ್ತದೆ. ಮರದಲ್ಲಿ ಹೀಗಿಲ್ಲ. ಒಮ್ಮೆ ಕೆಟ್ಟ ಮರದ ಭಾಗವು ಎಂದೆಂದಿಗೂ ಕೆಟ್ಟದ್ದೇ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ (೧೯೩೦–೨೦೦೬) ಎಂಬ ವಿಜ್ಞಾನಿಯು ಸಾವಿರಾರು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿ, ೧೯೭೭ರಲ್ಲಿ ಈ ತತ್ತ್ವವನ್ನು ವಿಶದಪಡಿಸಿದನು. ಮರವು ಗಾಯವನ್ನು ವಾಸಿಮಾಡುವುದಿಲ್ಲ, ಗೋಡೆ ಕಟ್ಟಿ ಮುಚ್ಚಿಬಿಡುತ್ತದೆ. ಮೇಲಕ್ಕೂ ಕೆಳಕ್ಕೂ ಒಂದು ಗೋಡೆ, ಒಳಕ್ಕೆ ಒಂದು, ಅಕ್ಕಪಕ್ಕಗಳಿಗೆ ಒಂದು. ಕೊನೆಯದಾಗಿ, ಗಾಯವಾದ ಮೇಲೆ ಹೊಸದಾಗಿ ಬೆಳೆಯುವ ಮರದ ಪದರವೇ ನಾಲ್ಕನೆಯ ಗೋಡೆ. ಈ ನಾಲ್ಕನೆಯದೇ ಎಲ್ಲಕ್ಕಿಂತ ಬಲವಾದುದು. ಪೊಟರೆಯಾದ ಹುಣಸೆಯ ಮರವು ನೂರು ವರ್ಷ ಕಾಯಿ ಬಿಡುವುದರ ಗುಟ್ಟು ಇದು. ಒಳಗೆಲ್ಲ ಟೊಳ್ಳಾದರೂ ಹೊರಗಣ ಹೊಸ ಮರವು ಕೆಡದೆ ಉಳಿದಿರುತ್ತದೆ.

ಆದರೆ ಗೋಡೆಗಳು ಕೆಲವು ವೇಳೆ ಸೋಲುತ್ತವೆ, ಸೋಲಿಗೆ ಬಹುಕಾಲವೂ ಹಿಡಿಯುತ್ತದೆ. ಕಲ್ಕತ್ತೆಯ ಬಳಿ ಶಿವಪುರದ ಸಸ್ಯೋದ್ಯಾನದಲ್ಲಿರುವ ಮಹಾವಟವೃಕ್ಷವನ್ನು ಹಲವರು ಬಲ್ಲರು. ೧೮೬೪ ಮತ್ತು ೧೮೬೭ರ ಚಂಡಮಾರುತಗಳಲ್ಲಿ ಅದರ ಕೊಂಬೆಗಳು ಮುರಿದುವು. ಆ ಗಾಯಗಳ ದಾರಿಯಿಂದ ಒಳಹೊಕ್ಕ ಶಿಲೀಂಧ್ರವು ಒಳಗೊಳಗೇ ತಿನ್ನುತ್ತ ಬಂದು, ೧೯೨೫ರಲ್ಲಿ ಮೂಲಕಾಂಡವನ್ನೇ ಕಡಿದು ತೆಗೆಯಬೇಕಾಯಿತು. ಬಿಳಲುಗಳ ಬಲದಿಂದ ಆಲವೇನೋ ಇಂದಿಗೂ ಬದುಕಿದೆ. ಬಿಳಲಿಲ್ಲದ ಮರಕ್ಕೆ ಆ ಭಾಗ್ಯವಿಲ್ಲ. ಇಂದು ಮಾಡಿದ ಗಾಯವು ನಮ್ಮ ಮೊಮ್ಮಕ್ಕಳ ಕಾಲದಲ್ಲಿ ಮರವನ್ನು ಕೆಡಹಬಹುದು. ಆದಕಾರಣವೇ ಕಡಿದವನಿಗೂ ಬಿದ್ದದ್ದಕ್ಕೂ ಇರುವ ಸಂಬಂಧವು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಕೊಂಬೆಯನ್ನು ಸವರುವುದೇ ತಪ್ಪೆ? ಅಲ್ಲ, ಸವರುವ ರೀತಿಯಲ್ಲಿ ತಪ್ಪುಂಟು. ಕೊಂಬೆಯು ಕಾಂಡವನ್ನು ಕೂಡುವೆಡೆಯಲ್ಲಿ ತುಸು ಊದಿಕೊಂಡ ಬಳೆಯಂಥ ಭಾಗವಿರುತ್ತದೆ. ಇದನ್ನು ಕೊಂಬೆಯ ಕೊರಳಪಟ್ಟಿ ಎನ್ನೋಣ. ಮರವು ತನ್ನ ಗೋಡೆಯನ್ನು ಕಟ್ಟುವ ಸ್ಥಾನ ಇದು. ಹಿಂದಿನವರು ಕೊಂಬೆಯನ್ನು ಕಾಂಡದ ಮಟ್ಟಕ್ಕೆ ನುಣ್ಣಗೆ ಕೊಯ್ಯುತ್ತಿದ್ದರು. ನೋಡಲು ಅಂದವಾಗಿತ್ತು, ಆದರೆ ಕೊರಳಪಟ್ಟಿಯು ಹೋಗಿ ಕಾಂಡಕ್ಕೇ ಗಾಯವಾಗುತ್ತಿತ್ತು. ಇದಕ್ಕೆ ವಿರುದ್ಧವಾಗಿ ಒಂದು ಮೊಳದ ಮೊಂಡನ್ನು ಬಿಟ್ಟರೆ, ಆ ಮೊಂಡು ಒಣಗಿ ಕೊಳೆತು ಕೊಳೆಯನ್ನು ಒಳಕ್ಕೆ ಸಾಗಿಸುವ ಹಾದಿಯಾಗುತ್ತದೆ. ಸರಿಯಾದ ಕ್ರಮದಲ್ಲಿ ಮೂರು ಕೊಯ್ತಗಳಿವೆ. ಮೊದಲನೆಯದನ್ನು ಕಾಂಡದಿಂದ ಒಂದಡಿ ದೂರದಲ್ಲಿ, ಕೊಂಬೆಯ ಕೆಳಗಿನಿಂದ, ಅರ್ಧಕ್ಕೂ ಕಡಮೆಯಾಗಿ ಮಾಡಬೇಕು. ಎರಡನೆಯದನ್ನು ಅದಕ್ಕಿಂತ ಸ್ವಲ್ಪ ಆಚೆ, ಮೇಲಿನಿಂದ ಪೂರ್ತಿಯಾಗಿ ಮಾಡಬೇಕು. ಆಗ ಭಾರವು ತೊಗಟೆಯನ್ನು ಸುಲಿದುಕೊಂಡು ಹೋಗದೆ ಕೆಳಗಿಳಿಯುತ್ತದೆ. ಕೊನೆಗೆ, ಉಳಿದ ಮೊಂಡನ್ನು ಕೊರಳಪಟ್ಟಿಯ ಹೊರಮಗ್ಗುಲಿನಲ್ಲಿಯೇ ತೆಗೆಯಬೇಕು. ಗಾಯಕ್ಕೆ ಟಾರು, ಬಣ್ಣಗಳನ್ನು ಬಳಿಯುವುದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲವೆಂದು ಈಗ ತಿಳಿದಿದೆ. ಪೊಟರೆಗೆ ಸಿಮೆಂಟು ತುಂಬುವ ಪದ್ಧತಿಯೂ ಒಂದು ಕಾಲದಲ್ಲಿ ಬಹಳ ರೂಢಿಯಲ್ಲಿತ್ತು. ಗಾಳಿಗೆ ಬಳುಕುವ ಮರದೊಳಗೆ ಬಳುಕದ ಕಲ್ಲನ್ನಿಟ್ಟಂತಾಗುವುದರಿಂದ ಅದನ್ನೂ ಕೈಬಿಡಲಾಗಿದೆ.

ಎಲ್ಲಕ್ಕಿಂತ ಹೆಚ್ಚು ಕೇಡನ್ನು ಮಾಡುವುದು ಮರದ ತಲೆಯನ್ನೇ ಬೋಳಿಸುವ ಪದ್ಧತಿ. ತಂತಿಗೆ ತಗುಲುವುದೆಂದು ಒಂದು ಮಗ್ಗುಲನ್ನೆಲ್ಲ ಕತ್ತರಿಸಿದರೆ ಭಾರವು ಇನ್ನೊಂದು ಮಗ್ಗುಲಿಗೆ ವಾಲುತ್ತದೆ. ತಲೆಯನ್ನು ಕತ್ತರಿಸಿದರೆ, ಹಸಿದ ಮರವು ಮೊಂಡುಗಳಿಂದ ಪೊರಕೆಯಂತೆ ಹೊಸ ಚಿಗುರುಗಳನ್ನು ಹೊರಡಿಸುತ್ತದೆ. ಅವು ಎರಡು ವರ್ಷಗಳಲ್ಲಿ ಸೊಂಪಾಗಿ ಬೆಳೆದು ನೋಡುವವರಿಗೆ ಆನಂದವನ್ನು ಕೊಡುತ್ತವೆ. ಆದರೆ ಅವು ಹೊರಮೈಗೆ ಅಂಟಿಕೊಂಡಿವೆಯೇ ಹೊರತು ಮರದೊಳಗಿನಿಂದ ಬೆಳೆದುಬಂದಿಲ್ಲ. ಅವುಗಳ ಬುಡದಲ್ಲಿ ಕೊಳೆತ ಮೊಂಡು. ಗಾಳಿ ಬಂದಾಗ ಮುರಿಯುವುದು ಅಲ್ಲಿಯೇ. ಒಂದು ಸಲಕ್ಕೆ ಮರದ ಹಸುರಿನ ಕಾಲುಭಾಗಕ್ಕಿಂತ ಹೆಚ್ಚನ್ನು ತೆಗೆಯಬಾರದೆಂಬುದು ಬಲ್ಲವರ ಸಾಮಾನ್ಯ ನಿಯಮ.

ಮೇಲಿನ ಮಾತು ಇಷ್ಟಾಯಿತು, ಇನ್ನು ಕೆಳಗಿನದು. ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳವೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ವಾಸ್ತವವಾಗಿ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿಗಳ ಮಣ್ಣಿನಲ್ಲಿಯೇ, ಮರದ ನೆರಳಿಗಿಂತಲೂ ಆಚೆಗೆ, ಹರಡಿಕೊಂಡಿರುತ್ತವೆ. ಉಸಿರಾಟಕ್ಕೆ ಬೇರಿಗೂ ಗಾಳಿ ಬೇಕಷ್ಟೆ. ನಾವು ಪಾಠ ಹೇಳುವ ಕಾಲೇಜಿನ ಮುಂದಿನ ರಸ್ತೆಯಲ್ಲಿ ಒಂದು ದೊಡ್ಡ ಮಳೆಮರವಿತ್ತು. ಚರಂಡಿಗೆಂದು ಅದರ ಒಂದು ಪಕ್ಕದಲ್ಲಿ ಎರಡು ಮಾರು ದೂರಕ್ಕೆ ಅಗೆದು, ತೋಳಿನಷ್ಟು ದಪ್ಪದ ಬೇರುಗಳನ್ನು ಕೊಡಲಿಯಿಂದ ಕಡಿದು, ಮೇಲೆ ಕಲ್ಲು ಹಾಸಿದರು. ಅಂದು ನಾವು ಅಲ್ಲಿಯೇ ನಿಂತು ನೋಡಿದೆವು. ಒಂದು ಮಾತನ್ನೂ ಆಡಲಿಲ್ಲ. ಮೂರನೆಯ ವರ್ಷ ಒಂದು ರಾತ್ರಿ ಆ ಮರವು, ಕಡಿದ ಪಕ್ಕಕ್ಕೆ ಬೆನ್ನುಮಾಡಿ, ರಸ್ತೆಯ ಮೇಲೆ ಒರಗಿತು. ದೇವರ ದಯೆಯಿಂದ ಅದು ರಾತ್ರಿಯಾಗಿತ್ತು. ಹಗಲಾಗಿದ್ದರೆ ಆ ನೆರಳಿನಲ್ಲಿ ನಮ್ಮ ವಿದ್ಯಾರ್ಥಿಗಳು ನಿಂತಿರುತ್ತಿದ್ದರು. ಬೆಳಗ್ಗೆ ನೆರೆದವರು, ಇಷ್ಟು ಹಸುರಾಗಿದ್ದ ಮರ ಹೇಗೆ ಬಿತ್ತು? ಎಂದು ಆಶ್ಚರ್ಯಪಟ್ಟರು. ಎಲೆಗೆ ನೀರುಣಿಸಲು ಕೆಲವು ಬೇರುಗಳೇ ಸಾಕು. ಗಾಳಿಗೆ ಎದುರಾಗಿ ಕಾಂಡವನ್ನು ಹಿಡಿದಿಡಲು ಎಲ್ಲ ಕಡೆಯ ಬೇರುಗಳೂ ಬೇಕು. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರಿನೊಳಗಣ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು ೨೦೧೩ರಲ್ಲಿ ಆಜ್ಞಾಪಿಸಿತು. ಆ ಒಂದು ಮೀಟರು ಉಸಿರಿಗೆ ಮಾತ್ರ. ಬೇರಿನ ಹರಹು ಅದಕ್ಕಿಂತ ಬಹಳ ದೊಡ್ಡದು.

ಅಪಾಯದ ಮರವನ್ನು ಗುರುತಿಸುವುದು ಹೇಗೆ? ವಾಲಿರುವುದೆಲ್ಲ ಅಪಾಯವಲ್ಲ, ಚಿಕ್ಕಂದಿನಿಂದ ವಾಲಿ ಬೆಳೆದ ಮರವು ಅದಕ್ಕೆ ತಕ್ಕಂತೆ ತನ್ನನ್ನು ಬಲಪಡಿಸಿಕೊಂಡಿರುತ್ತದೆ. ನಿನ್ನೆಯವರೆಗೆ ನೆಟ್ಟಗಿದ್ದು ಇಂದು ವಾಲಿದರೆ, ಬುಡದ ಮಣ್ಣು ಒಂದು ಮಗ್ಗುಲಲ್ಲಿ ಎದ್ದು ಬಿರಿದಿದ್ದರೆ, ಆಗ ಕೂಡಲೆ ಅಲ್ಲಿಂದ ಜನರನ್ನು ದೂರವಿಡಬೇಕು. ಟೊಳ್ಳೆಲ್ಲವೂ ಅಪಾಯವಲ್ಲ, ಬಿದಿರನ್ನು ನೋಡಿ. ಆದರೆ ಸುತ್ತಣ ಗಟ್ಟಿ ಮರವು ತೆಳುವಾಗಿದ್ದರೆ ಯೋಚಿಸಬೇಕು. ಬುಡದಲ್ಲಿ ತಟ್ಟೆಯಂಥ ಅಣಬೆಗಳು ಎದ್ದಿದ್ದರೆ ಒಳಗೆ ಬೇರು ಕೊಳೆಯುತ್ತಿರಬಹುದೆಂದು ತಿಳಿಯತಕ್ಕದ್ದು. ಸಮದಪ್ಪದ ಎರಡು ಕವಲುಗಳು ಇಕ್ಕಟ್ಟಾಗಿ ಕೂಡಿ, ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ, ಆ ಕೂಡುಗೆಯು ಬಲವಿಲ್ಲದ್ದು. ಅನುಭವಿಯು ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ಸದ್ದನ್ನು ಕೇಳುತ್ತಾನೆ. ಶಬ್ದದ ವೇಗವನ್ನಳೆದು ಒಳಗಿನ ಕೊಳೆಯ ಚಿತ್ರವನ್ನು ತೋರಿಸುವ ಯಂತ್ರಗಳೂ ಈಗ ಇವೆ.

ರೋಗವನ್ನು ಕಂಡಮಾತ್ರಕ್ಕೆ ಕೊಡಲಿಯನ್ನು ಎತ್ತಬೇಕಾಗಿಲ್ಲ. ಬಿದ್ದರೆ ಯಾರ ಮೇಲೆ ಬೀಳುತ್ತದೆ ಎಂಬುದೂ ಸಮಾನವಾದ ಪ್ರಶ್ನೆ. ಕಾಡಿನ ನಡುವೆ ಟೊಳ್ಳುಮರವು ಗಿಳಿಗಳಿಗೆ ಮನೆ. ಪಾಠಶಾಲೆಯ ಬಾಗಿಲಲ್ಲಿ ಅದೇ ಮರವು ಗಂಡಾಂತರ. ಬೆಂಚನ್ನೋ ಬಸ್ಸಿನ ನಿಲ್ದಾಣವನ್ನೋ ಸ್ವಲ್ಪ ಸರಿಸಿದರೆ ಸಾಕಾಗಬಹುದು. ಒಣಕೊಂಬೆಯನ್ನು ತೆಗೆದು, ಉದ್ದದ ಕೊಂಬೆಯ ತುದಿಯ ಭಾರವನ್ನು ಇಳಿಸಬಹುದು. ದುರ್ಬಲವಾದ ಕವಲುಗಳನ್ನು ಉಕ್ಕಿನ ಹಗ್ಗದಿಂದ ಒಂದಕ್ಕೊಂದು ಬಿಗಿಯಬಹುದು. ಇವೊಂದೂ ಸಾಲದಾದಾಗ ಕಡಿಯಲೇಬೇಕು. ಆಗ ತಡಮಾಡುವುದು ದಯೆಯಲ್ಲ. ಕಡಿಯುವುದಕ್ಕೆ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ಕೆಲವು ಜಾತಿಗಳನ್ನು ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಅವಶ್ಯಕ.

ಈ ಕೆಲಸವನ್ನೆಲ್ಲ ಮಾಡುವವರು ಯಾರು? ಪಶ್ಚಿಮದೇಶಗಳಲ್ಲಿ ಇದು ಒಂದು ವಿದ್ಯೆಯಾಗಿದೆ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಜಾನ್ ಡೇವಿಯು ೧೯೦೧ರಲ್ಲಿಯೇ ‘ಮರದ ವೈದ್ಯ’ ಎಂಬರ್ಥದ ಹೆಸರಿನ ಗ್ರಂಥವನ್ನು ಪ್ರಕಟಿಸಿ ಆ ಕಸುಬಿಗೆ ಅಡಿಪಾಯ ಹಾಕಿದನು. ನಮ್ಮಲ್ಲಿಯೂ ಕೈಚಳಕಕ್ಕೆ ಕೊರತೆಯಿಲ್ಲ. ಚಿಕ್ಕಮಗಳೂರು, ಕೊಡಗುಗಳ ಕಾಫಿ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ನೆರಳುಮರಗಳ ಕೊಂಬೆಗಳನ್ನು ಸವರುವ ‘ಮರಗಸಿ’ಯ ಕೆಲಸವನ್ನು ನೋಡಿದವರು, ಆ ಆಳುಗಳ ಧೈರ್ಯಕ್ಕೂ ಸಮತೋಲಕ್ಕೂ ಬೆರಗಾಗದಿರಲಾರರು. ಆದರೆ ಮರದಿಂದ ಬಿದ್ದು, ಅಥವಾ ಅಲ್ಯೂಮಿನಿಯಂ ಏಣಿಯು ವಿದ್ಯುತ್ತಿನ ತಂತಿಗೆ ತಗುಲಿ, ಅವರಲ್ಲಿ ಕೆಲವರು ಸಾಯುತ್ತಿರುವ ಸುದ್ದಿಯು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ಪಟ್ಟಣದಲ್ಲಿಯೂ ಬರಿಗಾಲಿನಲ್ಲಿ, ಸೊಂಟಕ್ಕೆ ಹಗ್ಗವಿಲ್ಲದೆ, ಕೈಯಲ್ಲೊಂದು ಮಚ್ಚನ್ನು ಹಿಡಿದು ಮರ ಹತ್ತಿದವನನ್ನು ನಾವು ಕೆಳಗೆ ನಿಂತು, ಇನ್ನೂ ಅಷ್ಟು ಕಡಿ ಎನ್ನುತ್ತೇವೆ. ಕೂಲಿಯನ್ನು ಬಿದ್ದ ಸೌದೆಯ ರಾಶಿಯಿಂದ ಅಳೆಯುತ್ತೇವೆ. ಹೆಚ್ಚು ಕಡಿದವನಿಗೆ ಹೆಚ್ಚು ಹಣವೆಂದಾದರೆ ಅವನು ಕಡಮೆ ಕಡಿಯುವುದನ್ನು ಕಲಿಯುವುದಾದರೂ ಏಕೆ?

ಆದ್ದರಿಂದ ಗೃಹಸ್ಥರಾದ ನಮ್ಮ ಕರ್ತವ್ಯವು ಸ್ಪಷ್ಟವಾಗಿದೆ. ತಂತಿಯ ಹತ್ತಿರದ ಕೊಂಬೆಯನ್ನು ವಿದ್ಯುತ್ತನ್ನು ನಿಲ್ಲಿಸಿದ ಹೊರತು ಮುಟ್ಟಿಸಬಾರದು. ಹಗ್ಗ, ಪಟ್ಟಿ, ಶಿರಸ್ತ್ರಾಣಗಳಿಲ್ಲದವನನ್ನು ಮರ ಹತ್ತಿಸಬಾರದು. ಅವುಗಳ ವೆಚ್ಚವನ್ನು ಕೂಲಿಯೊಡನೆ ಸೇರಿಸಿ ಕೊಡಬೇಕು. ಬೀದಿಯಲ್ಲಿ ಬೇರು ಕಡಿಯುತ್ತಿರುವುದನ್ನು ಕಂಡರೆ ನಿಂತು ಕೇಳಬೇಕು. ನಾವು ಒಮ್ಮೆ ಕೇಳದೆ ಹೋದುದರ ಫಲವನ್ನು ಮೇಲೆಯೇ ಹೇಳಿದ್ದೇವೆ. ಎಲ್ಲಕ್ಕೂ ಮಿಗಿಲಾಗಿ ಸಸಿಯ ಕಡೆಗೆ ಗಮನ ಕೊಡಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಹೇಳುತ್ತೇವೆ, ಮರದ ವಿಷಯದಲ್ಲಿ ಮರೆಯುತ್ತೇವೆ. ನೆಟ್ಟ ನಾಲ್ಕೈದು ವರ್ಷಗಳಲ್ಲಿ ಜೋಡಿ ಕವಲಿನಲ್ಲೊಂದನ್ನು ಬೆರಳಿನಷ್ಟು ದಪ್ಪವಿರುವಾಗಲೇ ತೆಗೆದುಬಿಟ್ಟರೆ, ಒಂದು ಚಿಕ್ಕ ಕತ್ತರಿಯು ಸಾಕು. ಗಾಯವು ಬೇಗನೆ ಮುಚ್ಚುತ್ತದೆ. ಅದೇ ಕವಲನ್ನು ಐವತ್ತು ವರ್ಷ ಬಿಟ್ಟರೆ, ಅದನ್ನು ಇಳಿಸಲು ಹಗ್ಗ, ಯಂತ್ರ, ಹತ್ತು ಜನ ಬೇಕು. ಅಷ್ಟರೊಳಗೆ ಭರಣಿಯ ಗಾಳಿಯೇ ಅದನ್ನು ಇಳಿಸಿದರೂ ಇಳಿಸೀತು.