ಗಂಗೊಳ್ಳಿಯ ಸೀಸ, ಬೆಂಗಳೂರಿನ ಮರ

ಗಂಗೊಳ್ಳಿ ಬಂದರಿನಲ್ಲಿ ಬಲೆ ಸಾಮಾನು ಮಾರುವ ಅಂಗಡಿಗೆ ಹೋಗಿ ನಾಲ್ಕೇ ನಾಲ್ಕು ಸೀಸದ ಗುಂಡು ಕೇಳಿದರೆ ಯಾರಿಗಾದರೂ ಅನುಮಾನ ಬಾರದೆ ಇರದು. ಬಲೆ ಕಟ್ಟುವವರು ಅದನ್ನು ಕಿಲೋ ಲೆಕ್ಕದಲ್ಲಿ ಒಯ್ಯುತ್ತಾರೆ. ಎಂತಕ್ಕೆ ಎಂದು ಕೇಳಿದರು. ವಿಮಾನಕ್ಕೆ ಎಂದೆ.

‘ಹ್ವಾಯ್, ವಿಮಾನ ಮುಳ್ಗ್ಸುಕಾ?’

ಮುಳುಗಿಸಲಿಕ್ಕಲ್ಲ, ಮೂಗು ತಗ್ಗಿಸಲಿಕ್ಕೆ. ಜೆಟ್ ವಿಮಾನಕ್ಕೆ ಮುಂದೊಂದು ಚಕ್ರ, ರೆಕ್ಕೆಯ ಬುಡದಲ್ಲಿ ಎರಡು. ನಿಜವಾದ ವಿಮಾನದಲ್ಲಿ ಎಂಜಿನ್ನು, ಪೈಲಟ್ಟು, ಯಂತ್ರಗಳ ತೂಕ ಹಂಚಿಹೋಗಿ ಅದು ಮೂರು ಕಾಲಲ್ಲಿ ನೆಟ್ಟಗೆ ನಿಲ್ಲುತ್ತದೆ. ಪ್ಲಾಸ್ಟಿಕ್ ಮಾಡೆಲ್ಲಿನ ಹೊಟ್ಟೆ ಟೊಳ್ಳು. ಮೂಗಿನೊಳಗೆ ಭಾರ ಹಾಕದೆ ಎರಡು ಹೋಳು ಅಂಟಿಸಿದಿರೋ, ಅದು ಬಾಲ ಊರಿ ಆಕಾಶ ನೋಡುತ್ತ ಕೂರುತ್ತದೆ. ಆಮೇಲೆ ಒಡೆದು ಸರಿಮಾಡುವ ಹಾಗಿಲ್ಲ. ಪಾಲಿಸ್ಟೈರೀನ್‌ಗೆ ಹಚ್ಚುವ ಸಿಮೆಂಟು ಅಂಟಲ್ಲ, ಬೆಸುಗೆ. ಎರಡೂ ಅಂಚನ್ನು ಕರಗಿಸಿ ಒಂದು ಮಾಡಿಬಿಡುತ್ತದೆ.

ನನ್ನ ಮೇಜಿನ ಮೇಲಿದ್ದದ್ದು ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಜೆಟ್ ವಿಮಾನ, 1:72 ಅಳತೆಯದು. ಮೂಗಿನಿಂದ ಬಾಲಕ್ಕೆ ಹದಿಮೂರು ಸೆಂಟಿಮೀಟರ್ ಚಿಲ್ಲರೆ, ಅಂದರೆ ಒಂದು ಬೂತಾಯಿ ಮೀನಿನಷ್ಟು.

ಈ ಎಪ್ಪತ್ತೆರಡು ಎಲ್ಲಿಂದ ಬಂತು? ಅಡಿ, ಇಂಚಿನ ಲೆಕ್ಕದಿಂದ. ಆರಡಿ ಎಂದರೆ ಎಪ್ಪತ್ತೆರಡು ಇಂಚು. ಆರಡಿ ಆಳನ್ನು ಒಂದಿಂಚಿಗೆ ಇಳಿಸಿದರೆ ಅದೇ 1:72. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲೇ ಈ ಅಳತೆಯ ಪ್ಲಾಸ್ಟಿಕ್ ಕಿಟ್ ಮಾರುತ್ತಿತ್ತು. ಆದರೆ ಅಳತೆ ಊರೂರಿಗೆ ಹಬ್ಬಿದ್ದು ಯುದ್ಧದಿಂದ. ಹಾರಿಬರುವ ವಿಮಾನ ನಮ್ಮದೋ ವೈರಿಯದೋ ಎಂದು ನೆರಳಲ್ಲೇ ಗುರುತಿಸಲು ಸೈನಿಕರಿಗೆ ಕಲಿಸಬೇಕಿತ್ತು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಗೇ ಕೆಲಸ ಹಚ್ಚಿ, ಮರದಲ್ಲಿ ಕೆತ್ತಿ ಕಪ್ಪು ಬಳಿದ ಐದು ಲಕ್ಷ ಮಾಡೆಲ್ ಬೇಕೆಂದಿತು. ಅದೂ ಇದೇ ಅಳತೆಯಲ್ಲಿ. ಆಟದ ಸಾಮಾನೆಂದು ನಾವು ಬಿಚ್ಚುವ ಪೆಟ್ಟಿಗೆಯ ಅಜ್ಜ ಸೈನ್ಯದ ಪಾಠೋಪಕರಣ. ಏರ್‌ಫಿಕ್ಸ್ ಹೆಸರಲ್ಲಿ ಏರ್ ಇದ್ದರೂ 1952ರಲ್ಲಿ ಅದು ಇಂಗ್ಲೆಂಡಿನ ವುಲ್ವರ್ತ್ಸ್ ಅಂಗಡಿಗಳಲ್ಲಿ ಮಾರಿ ಗೆದ್ದದ್ದು ಒಂದು ಹಾಯಿ ಹಡಗಿನ ಕಿಟ್ಟು, ಗೋಲ್ಡನ್ ಹೈಂಡ್. ಇದನ್ನು ಹೇಳಿದರೆ ಗಂಗೊಳ್ಳಿಯವರಿಗೆ ಖುಷಿಯಾದೀತು.

ದೊಡ್ಡದನ್ನು ಚಿಕ್ಕದು ಮಾಡುವ ವಿದ್ಯೆ ನಮ್ಮ ಕಡೆಗೆ ಹೊಸದೇನಲ್ಲ. ಉಪ್ಪಿನಕುದ್ರಿನ ಕೊಗ್ಗ ಕಾಮತರ ಮನೆತನದವರು ಬಡಗುತಿಟ್ಟಿನ ಯಕ್ಷಗಾನದ ಇಡೀ ವೇಷವನ್ನು, ಕೇದಗೆ ಮುಂದಲೆ ಸಮೇತ, ಮೊಣಕಾಲೆತ್ತರದ ಮರದ ಗೊಂಬೆಗೆ ಇಳಿಸಿದವರು. ಅಲ್ಲೂ ಸಮಸ್ಯೆ ಇದೇ: ಭಾರ ಎಲ್ಲಿರಬೇಕು, ದಾರ ಎಲ್ಲಿಂದ ಎಳೆಯಬೇಕು.

ಮರದ ಮಾತು ಬಂದಾಗ ಬೆಂಗಳೂರಿನ ಕತೆ ಹೇಳಬೇಕು. 1956ರಲ್ಲಿ ಜರ್ಮನಿಯ ಕರ್ಟ್ ಟ್ಯಾಂಕ್, ಫೋಕೆವುಲ್ಫ್ 190 ಎಂಬ ಯುದ್ಧವಿಮಾನ ರೂಪಿಸಿದಾತ, ವಿಮಾನ ಕಾರ್ಖಾನೆಯಾದ ಎಚ್‌ಎಎಲ್‌ಗೆ ಬಂದ. ಇಲ್ಲಿನ ಎಂಜಿನಿಯರುಗಳ ಜೊತೆ ಭಾರತದ ಮೊದಲ ಜೆಟ್ ಫೈಟರ್ ರೂಪಿಸುವುದು ಕೆಲಸ. ಮುಂದೆ ಎಚ್‌ಎಫ್-24 ಮಾರುತ ಎಂದು ಹೆಸರಾದದ್ದು ಅದೇ. ಲೋಹ ಕತ್ತರಿಸುವ ಮೊದಲು ಅವರು ಮಾಡಿದ್ದು ಒಂದು ಮಾಡೆಲ್. ಮರದ್ದು, ಎಂಜಿನ್ ಇಲ್ಲದ್ದು. ಅಳತೆ ಮಾತ್ರ ಒಂದಕ್ಕೆ ಒಂದು. ಎಕ್ಸ್-241 ಎಂಬ ಆ ಗ್ಲೈಡರಿಗೆ ಅಸಲಿ ವಿಮಾನದ್ದೇ ರೆಕ್ಕೆ, ಮಡಚುವ ಚಕ್ರ. 1959ರಲ್ಲಿ ಅದನ್ನು ಡಕೋಟಾ ವಿಮಾನದ ಬಾಲಕ್ಕೆ ಕಟ್ಟಿ ಮೇಲೊಯ್ದು ಬಿಟ್ಟರು. ಒಳಗೆ ಕೂತು ಇಳಿಸಿ ತರುವ ಪೈಲಟ್‌ನ ಎದೆ ಹೇಗಿದ್ದಿರಬೇಕು! ಹಾಗೆ 78 ಸಲ ಹಾರಿತು. ಕೊನೆಗೆ ಒಮ್ಮೆ ಇಳಿಯುವಾಗ ಮೂಗಿನ ಚಕ್ರ ಹೊರಬರದೆ ಮುಖ ಉಜ್ಜಿಕೊಂಡಿತು. ನನಗೆ ಈ ಕತೆ ಇಷ್ಟವಾದದ್ದು ಈ ಕಾರಣಕ್ಕೇ. ಅಲ್ಲೂ ಮೂಗೇ!

1961ರ ಜೂನಿನಲ್ಲಿ ನಿಜವಾದ ಮಾರುತ ಹಾರಿತು, ಹಾರಿಸಿದವರು ಸುರಂಜನ್ ದಾಸ್. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧವನ್ನೂ ಕಂಡಿತು. ಮೂಲ ನಕ್ಷೆ ಬೇಡಿದಷ್ಟು ಬಲದ ಎಂಜಿನ್ ಮಾತ್ರ ಅದಕ್ಕೆ ಕೊನೆಯವರೆಗೂ ದಕ್ಕಲಿಲ್ಲ. ಎಂಜಿನ್ನಿಲ್ಲದ ಮಾಡೆಲ್ ಒಂದೇ ಅಂದುಕೊಂಡ ಹಾಗೆ ಇದ್ದದ್ದು ಎನ್ನೋಣವೆ? ಏರ್‌ಫಿಕ್ಸ್ ಆಗಲಿ ಟಮಿಯಾ ಆಗಲಿ ಮಾರುತದ ಕಿಟ್ ತರಲಿಲ್ಲ. 1:72ರಲ್ಲಿ ಅದು 22 ಸೆಂಟಿಮೀಟರ್, ಒಳ್ಳೆಯ ಬಂಗುಡೆಯಷ್ಟು. ಬೇಕೆಂದವರು ಅದರ ಹಿರಿಯರ ಹಾಗೆ ಮರದಲ್ಲಿ ಕೆತ್ತಿಕೊಳ್ಳಬಹುದು.

ಒಂದಕ್ಕೆ ಒಂದು ಅಳತೆಯ ಕಿಟ್ ನೋಡಬೇಕಿದ್ದರೆ ಬೈಂದೂರು ದಾಟಿ ಹೆದ್ದಾರಿ 66ರಲ್ಲಿ ಕಾರವಾರದವರೆಗೆ ಹೋಗಿ. ನೌಕಾಪಡೆ ನಿವೃತ್ತಿಗೊಳಿಸಿದ ಟುಪೊಲೆವ್-142 ವಿಮಾನವನ್ನು ಅರಕ್ಕೋಣಂನಿಂದ ಬಿಡಿಬಿಡಿಯಾಗಿ ತಂದು ಟಾಗೋರ್ ಕಡಲತೀರದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. 53 ಮೀಟರ್ ಉದ್ದದ್ದು. ಜೆಟ್ ಅಲ್ಲ, ಒಂದೊಂದು ಎಂಜಿನ್ನಿಗೆ ಎರಡೆರಡು ಪ್ರೊಪೆಲ್ಲರ್. ಅದರ ರೆಕ್ಕೆ ಸಂದಿನ ಕೆಳಗೆ ನಿಂತು ನಾನು ಜೋಡಣೆಯ ಗೆರೆ ಹುಡುಕಿದೆ. ಚಟ ಬಿಡಬೇಕಲ್ಲ.

ನ್ಯಾಟ್‌ಗೆ ಬರೋಣ. ಸಂದು ಮುಚ್ಚಲು ಬ್ರಹ್ಮಾವರದಿಂದ ತಂದ ಕಾರು ಪುಟ್ಟಿ ಸಾಕಾಯಿತು. ಒಣಗಿದ ಮೇಲೆ ನೀರು ಮುಟ್ಟಿಸಿ ಮರಳು ಕಾಗದದಲ್ಲಿ ಉಜ್ಜುವುದು. ತೊಡಕಾದದ್ದು ಬಣ್ಣ. ಆಷಾಢದಲ್ಲಿ ಬಣ್ಣಕ್ಕೆ ಕೈ ಹಾಕಬಾರದೆಂದು ದೋಣಿ ಕಟ್ಟುವವರಿಗೆಲ್ಲ ಗೊತ್ತು. ನನಗೆ ಗೊತ್ತಿದ್ದೂ ತಡೆಯಲಾಗಲಿಲ್ಲ. ಲ್ಯಾಕರ್ ಚಿಮ್ಮಿಸಿದಾಗ ಅದರ ದ್ರಾವಕ ಬೇಗ ಆರಿ ಮೈ ತಣ್ಣಗಾಗುತ್ತದೆ, ಗಾಳಿಯ ಪಸೆ ಬಂದು ಕೂರುತ್ತದೆ. ನೋಡುತ್ತಿದ್ದಂತೆ ಬೆಳ್ಳಿ ಬಣ್ಣದ ಮೇಲೆ ಬೂಷ್ಟು ಹಿಡಿದಂಥ ಬಿಳಿ ಮಬ್ಬು. ಉಜ್ಜಿ ತೆಗೆದು, ಬಚ್ಚಲೊಲೆಯ ಪಕ್ಕ ಬೆಚ್ಚಗಿನ ಮೂಲೆಯಲ್ಲಿ ಎರಡನೇ ಸಲ ಬಳಿದೆ.

ಬೆಳ್ಳಿ ಏಕೆಂದರೆ, 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನ‌ಗಳನ್ನು ಕಾಡಿದ ನಮ್ಮ ನ್ಯಾಟ್‌ಗಳ ಮೈ ಹಾಗಿತ್ತು. ಅವನ್ನು ಬೆಂಗಳೂರಲ್ಲೇ ಕಟ್ಟುತ್ತಿದ್ದರು. ಕೊನೆಗೆ ಡೆಕಾಲ್. ಕೇಸರಿ, ಬಿಳಿ, ನಡುವೆ ಹಸಿರಿನ ವೃತ್ತವನ್ನು ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ರೆಕ್ಕೆಗೆ ಇಳಿಸಬೇಕು. ಕೆಳಗೆ ಹೊಳಪಿನ ಪದರ ಇಲ್ಲದಿದ್ದರೆ ಗಾಳಿ ಸಿಕ್ಕಿ ಸುತ್ತ ಪೊರೆಯಂತೆ ಮಿನುಗುತ್ತದೆ. ಒಂದು ವೃತ್ತ ಮಡಚಿಕೊಂಡಿತು. ಕುಂಚದ ತುದಿಯಲ್ಲಿ ಬಿಡಿಸುವಷ್ಟರಲ್ಲಿ ಊಟ ತಣ್ಣಗಾಗಿತ್ತು.

ತಿಳಿದವನೊಬ್ಬ ಬಂದು ನೋಡಿದ. ಇದು ಎರಡು ಸೀಟಿನ ಬ್ರಿಟಿಷ್ ತರಬೇತಿ ನ್ಯಾಟ್ ಅಲ್ಲವೋ, ನಮ್ಮದು ಒಂಟಿ ಸೀಟಿನದು ಎಂದ. ಸರಿಯೇ. ಕಿಟ್ ತರಿಸುವಾಗಲೇ ನನಗದು ಗೊತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸಿಲ್ಲ ಎಂದೆ.

ಈಗ ಅದು ಕಿಟಕಿಯ ದಂಡೆಯಲ್ಲಿ ಮೂರು ಕಾಲೂ ಊರಿ ನಿಂತಿದೆ. ನಾಲ್ಕು ಗುಂಡುಗಳಲ್ಲಿ ಒಂದರ ಅಂಟು ಬಿಟ್ಟಿರಬೇಕು. ಧೂಳು ಒರೆಸಲು ಎತ್ತಿದಾಗೆಲ್ಲ ಮೂಗಿನೊಳಗೆ ಟಕ್ ಎನ್ನುತ್ತದೆ.