ಶಸ್ತ್ರವೈದ್ಯನ ತೋಟ: ಡಾಕ್ಟರ್ ಜೇಮ್ಸ್ ಆಂಡರ್ಸನ್

ಪಾಪಾಸುಕಳ್ಳಿಯನ್ನು ಅರಿಯದ ಗ್ರಾಮಸ್ಥರಿಲ್ಲ. ಹೊಲದ ಬೇಲಿಗೆ ಅದು ಉಪಯುಕ್ತವಾದರೂ ಹಿಂದೊಮ್ಮೆ ದಕ್ಷಿಣ ಹಿಂದೂಸ್ಥಾನದ ಅನೇಕ ಗ್ರಾಮಗಳಲ್ಲಿ ಸಾಗುವಳಿಯ ಭೂಮಿಯನ್ನೇ ಆಕ್ರಮಿಸಿ ರೈತರಿಗೆ ಕಂಟಕವಾಗಿ ಪರಿಣಮಿಸಿದ್ದಿತು. ಈ ಕಳ್ಳಿಯ ಮೇಲೆ ಸಂಪತ್ತನ್ನು ಬೆಳೆಯಬಹುದೆಂದು ನಂಬಿ, ತನ್ನ ಆಯುಷ್ಯದ ಉತ್ತರಭಾಗವನ್ನು ಅದಕ್ಕಾಗಿ ವಿನಿಯೋಗಿಸಿದ ವೈದ್ಯನೊಬ್ಬನ ವೃತ್ತಾಂತವು ಜಮೀನುದಾರರಿಗೂ ಪಟೇಲರಿಗೂ ಬೋಧಪ್ರದವಾಗಿದೆ.

ಜೇಮ್ಸ್ ಆಂಡರ್ಸನನು ಸ್ಕಾಟ್ಲೆಂಡ್ ದೇಶದವನು. ಈತನು ಈಸ್ಟ್ ಇಂಡಿಯಾ ಕುಂಪಣಿಯ ಸೇವೆಗೆ ಸೇರಿ, 1765ರಲ್ಲಿ ಮದರಾಸಿನಲ್ಲಿ ಸಹಾಯಕ ಶಸ್ತ್ರವೈದ್ಯನಾದನು. ಈ ಉದ್ಯೋಗದಲ್ಲಿ ಕ್ರಮಕ್ರಮವಾಗಿ ಮೇಲೇರಿ, 1786ರಲ್ಲಿ ಈತನು ಮದರಾಸು ಆಧಿಪತ್ಯದ ಫಿಜಿಷಿಯನ್ ಜನರಲ್ ಎಂಬ ಅತ್ಯುನ್ನತ ಪದವಿಯನ್ನು ಪಡೆದನು. ಆಸ್ಪತ್ರೆಗಳ ಮೇಲ್ವಿಚಾರಣೆಯ ಹೊಣೆ ಈತನ ಮೇಲೆ ಬಿದ್ದಿತು. 1802ರಲ್ಲಿ ಸಿಡುಬಿನ ದಾಕು ಹಿಂದೂಸ್ಥಾನಕ್ಕೆ ಬಂದಾಗ ಅದನ್ನು ಪ್ರಚುರಪಡಿಸಲು ಈತನು ಬಹಳವಾಗಿ ಶ್ರಮಿಸಿದನು.

ಇಷ್ಟೆಲ್ಲ ಕಾರ್ಯಭಾರವಿದ್ದರೂ ಆಂಡರ್ಸನನ ಮನಸ್ಸು ಬೇಸಾಯದಲ್ಲಿಯೇ ನೆಟ್ಟಿದ್ದಿತು. ಮದರಾಸಿನ ನುಂಗಂಬಾಕದಲ್ಲಿ ಈತನ ತೋಟವಿದ್ದಿತು. 1786ರಲ್ಲಿ ಹುಲ್ಲಿನ ಮೇಲೆ ವಾಸಿಸುವ ಒಂದು ಕೆಂಪು ಹುಳು ಈತನ ಕಣ್ಣಿಗೆ ಬಿದ್ದಿತು. ಆ ಕಾಲದಲ್ಲಿ ಕಿರಮಂಜಿ ಬಣ್ಣಕ್ಕೆ ಯುರೋಪಿನಲ್ಲಿ ಅಪಾರ ಬೆಲೆಯಿದ್ದಿತು. ಮೆಕ್ಸಿಕೋ ದೇಶದಲ್ಲಿ ನೋಪಾಲ್ ಎಂಬ ಕಳ್ಳಿಯ ಮೇಲೆ ಸಾಕುವ ಕಿರಮಂಜಿ ಹುಳುಗಳನ್ನು ಒಣಗಿಸಿ ಈ ಬಣ್ಣವನ್ನು ತೆಗೆಯುತ್ತಿದ್ದರು. ಒಂದು ಪೌಂಡು ತೂಗಬೇಕಾದರೆ ಸುಮಾರು 70,000 ಹುಳುಗಳು ಬೇಕು. ಸ್ಪೇನ್ ದೇಶದವರು ಈ ವ್ಯಾಪಾರವನ್ನು ಪರರ ಕೈಗೆ ಬಿಡದೆ ಕಾಪಾಡಿಕೊಂಡಿದ್ದರು.

ಆಂಡರ್ಸನನು ತಾನು ಕಂಡ ಹುಳುವನ್ನು ಲಂಡನ್ನಿನ ಪ್ರಸಿದ್ಧ ಪಂಡಿತನಾದ ಸರ್ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಅದು ನಿಜವಾದ ಕಿರಮಂಜಿ ಹುಳುವಲ್ಲವೆಂದು ನಿರ್ಣಯವಾಯಿತು. ಆದರೂ ಈತನು ಧೈರ್ಯಗುಂದಲಿಲ್ಲ. ಕ್ಯೂ ಉದ್ಯಾನದಿಂದ ನೋಪಾಲ್ ಕಳ್ಳಿಯನ್ನು ತರಿಸಿದನು. ಮದರಾಸಿಗೆ ಸಮೀಪವಾದ ಸೈದಾಪೇಟೆಯಲ್ಲಿ ಅದಕ್ಕಾಗಿಯೇ ತೋಟವೊಂದು ಏರ್ಪಟ್ಟಿತು. ಈತನ ಸೋದರಳಿಯನಾದ ಡಾಕ್ಟರ್ ಆಂಡ್ರೂ ಬೆರ್ರಿಯು ಅದನ್ನು ನೋಡಿಕೊಳ್ಳುತ್ತಿದ್ದನು. ಹಿಪ್ಪುನೇರಳೆಯ ಗಿಡಗಳನ್ನೂ ಈತನು ಪ್ರಾಂತ್ಯದ ನಾನಾ ಕಡೆಗಳಿಗೆ ಹಂಚಿ, ರೇಷ್ಮೆಹುಳುಗಳನ್ನು ಬಂಗಾಳದಿಂದ ತರಿಸಿದನು.

ಕಳ್ಳಿ ಸಿದ್ಧವಾಗಿದ್ದಿತು, ಹುಳು ಮಾತ್ರ ಇರಲಿಲ್ಲ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬುವನು ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ಬಂದರಿನಿಂದ ಹುಳುಗಳನ್ನು ಕಲ್ಕತ್ತೆಗೆ ತಂದನು. ಅಲ್ಲಿಂದ ಅವು ಮದರಾಸಿಗೂ ಬಂದವು. ಅವು ವೃದ್ಧಿಯೇನೋ ಆದವು. ಆದರೆ ಅವು ಮೆಕ್ಸಿಕೋದ ಸಾಕುಜಾತಿಯಲ್ಲ, ಕಾಡುಜಾತಿ. ಬಣ್ಣವು ಕೀಳಾಗಿದ್ದುದರಿಂದ ಬೆಲೆ ದೊರೆಯಲಿಲ್ಲ. ಕೊನೆಗೆ 1800ರಲ್ಲಿ ಸೈದಾಪೇಟೆಯ ತೋಟವು ಮುಚ್ಚಲ್ಪಟ್ಟಿತು. ಅಲ್ಲಿಯ ಸಸ್ಯಗಳು ಬೆಂಗಳೂರಿನ ಲಾಲ್‌ಬಾಗಿಗೆ ಸಾಗಿಸಲ್ಪಟ್ಟವು. ಲಾಲ್‌ಬಾಗು ಆಗ ಮತ್ತೊಬ್ಬ ವೈದ್ಯನಾದ ಬೆಂಜಮಿನ್ ಹೈನನ ಕೈಯಲ್ಲಿದ್ದಿತು. ಆಂಡರ್ಸನನು 1809ರಲ್ಲಿ ಮದರಾಸಿನಲ್ಲಿಯೇ ಕಾಲವಾದನು.

ಆದರೆ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಬಣ್ಣಕ್ಕೆ ಬಾರದ ಆ ಹುಳುವು ಕಳ್ಳಿಗೆ ಮೃತ್ಯುವಾಯಿತು. ಅದು ತಗುಲಿದೆಡೆ ಒಂದು ಜಾತಿಯ ಪಾಪಾಸುಕಳ್ಳಿಯು ಸೊರಗಿ ಸಾಯುವುದನ್ನು ಕಂಡು, 1836ರಿಂದ 1838ರವರೆಗೆ ಅದನ್ನು ದಕ್ಷಿಣದಲ್ಲಿ ಕಳ್ಳಿಯ ನಿರ್ಮೂಲನಕ್ಕಾಗಿ ಬುದ್ಧಿಪೂರ್ವಕವಾಗಿ ಬಿಟ್ಟರು. ಕಳೆಯನ್ನು ಕೀಟದಿಂದ ನಿಗ್ರಹಿಸಿದ ಪ್ರಥಮ ನಿದರ್ಶನವೆಂದು ಇದನ್ನು ಶಾಸ್ತ್ರಜ್ಞರು ಎಣಿಸುತ್ತಾರೆ. ಹಳದಿ ಮುಳ್ಳಿನ ಕಳ್ಳಿಜಾತಿಯನ್ನು ಮಾತ್ರ ಈ ಹುಳುವು ಮುಟ್ಟಲಿಲ್ಲ. ಅದಕ್ಕೆ ತಕ್ಕುದಾದ ಬೇರೊಂದು ಕಿರಮಂಜಿ ಜಾತಿಯು 1926ರಲ್ಲಿ ಸಿಂಹಳದಿಂದ ಬಂದ ಬಳಿಕವೇ, ಕೆಲವು ವರ್ಷಗಳಲ್ಲಿ ವಿಸ್ತಾರವಾದ ಭೂಮಿಯು ಮುಕ್ತವಾಯಿತು.

ಈ ಚರಿತ್ರೆಯಿಂದ ಗ್ರಾಮದ ಮುಖಂಡರು ಗ್ರಹಿಸಬೇಕಾದ ಅಂಶಗಳಿವು:

1. ಹೊಸ ಬೆಳೆಯನ್ನಾಗಲಿ ಹುಳುವನ್ನಾಗಲಿ ತರುವ ಮೊದಲು ಅದರ ಜಾತಿಯನ್ನು ಬಲ್ಲವರಿಂದ ನಿಶ್ಚಯಪಡಿಸಿಕೊಳ್ಳಬೇಕು. ಹೆಸರೊಂದೇ ಆದರೂ ಗುಣವು ಭಿನ್ನವಾಗಿರುವುದುಂಟು.

2. ಒಂದು ಕೀಟವು ಒಂದು ಗಿಡಕ್ಕೆ ಒಗ್ಗಿದ ಮಾತ್ರಕ್ಕೆ ಅದರ ಸಮೀಪದ ಜಾತಿಗೂ ಒಗ್ಗುವುದೆಂದು ಭಾವಿಸಬಾರದು.

3. ಸ್ವಲ್ಪ ಭೂಮಿಯಲ್ಲಿ ಪ್ರಯೋಗಮಾಡಿ, ಫಲವನ್ನೂ ಬೆಲೆಯನ್ನೂ ನೋಡಿಕೊಂಡ ಮೇಲೆಯೇ ಹೆಚ್ಚಿನ ಭೂಮಿಗೆ ಕೈಹಾಕಬೇಕು.

4. ಪರದೇಶದ ಕೀಟಗಳನ್ನು ಸರಕಾರದ ಅನುಮತಿಯಿಲ್ಲದೆ ತರಕೂಡದು. ಒಮ್ಮೆ ಬಿಟ್ಟ ಹುಳುವನ್ನು ಮರಳಿ ಹಿಡಿಯುವುದು ಸಾಧ್ಯವಲ್ಲ.

ಆಂಡರ್ಸನನು ಕೋರಿದ ಲಾಭವು ಅವನಿಗೆ ದೊರೆಯಲಿಲ್ಲ. ದೊರೆತ ಪ್ರಯೋಜನವನ್ನು ಅವನು ಕೋರಿರಲಿಲ್ಲ. ಆದರೂ ತಾನು ಮಾಡಿದ ಪ್ರಯತ್ನಗಳ ಪತ್ರಗಳನ್ನು ಸೋಲುಗಳ ಸಹಿತವಾಗಿ ಅಚ್ಚುಹಾಕಿಸಿ ಪ್ರಕಟಪಡಿಸಿದ್ದರಿಂದ ಮುಂದಿನವರಿಗೆ ದಾರಿ ತಿಳಿಯಿತು. ಬೇಸಾಯದಲ್ಲಿ ನಷ್ಟವಾದುದನ್ನು ಮುಚ್ಚಿಡದೆ ನೆರೆಯವರಿಗೆ ತಿಳಿಸುವುದೂ ಒಂದು ಉಪಕಾರವೇ ಸರಿ.