ಋತುಚಕ್ರ

ಋತುಚಕ್ರ ಅಥವಾ ಮಾಸಿಕ ಚಕ್ರವೆಂದರೆ, ಹೆಣ್ಣಿನ ದೇಹವು ಗರ್ಭಧಾರಣೆಗಾಗಿ ಸುಮಾರು ತಿಂಗಳಿಗೊಮ್ಮೆ ನಡೆಸುವ ಸಿದ್ಧತೆ ಮತ್ತು ಗರ್ಭ ನಿಲ್ಲದಿದ್ದಾಗ ಆ ಸಿದ್ಧತೆಯ ವಿಸರ್ಜನೆ. ಇದರಲ್ಲಿ ಎರಡು ಚಕ್ರಗಳು ಜೊತೆಜೊತೆಯಾಗಿ ಸಾಗುತ್ತವೆ. ಅಂಡಾಶಯದಲ್ಲಿ ಅಂಡಾಣು ಬೆಳೆದು ಬಿಡುಗಡೆಯಾಗುವುದು ಅಂಡಾಶಯದ ಚಕ್ರ. ಗರ್ಭಕೋಶದ ಒಳಪೊರೆ ಬೆಳೆದು, ಕಳಚಿ, ರಕ್ತದೊಡನೆ ಹೊರಬೀಳುವುದು ಗರ್ಭಕೋಶದ ಚಕ್ರ. ಇವೆರಡನ್ನೂ ಮಿದುಳು ಮತ್ತು ಅಂಡಾಶಯಗಳಲ್ಲಿ ಉತ್ಪತ್ತಿಯಾಗುವ ಹಾರ್ಮೋನುಗಳು ಹೊಂದಿಸುತ್ತವೆ. ಪ್ರೌಢ ಸ್ತ್ರೀಯರಲ್ಲಿ ಒಂದು ಚಕ್ರದ ಅವಧಿ ಸಾಮಾನ್ಯವಾಗಿ 21ರಿಂದ 35 ದಿನಗಳು. ವಿವರಣೆಯ ಅನುಕೂಲಕ್ಕಾಗಿ ಪಠ್ಯಪುಸ್ತಕಗಳು 28 ದಿನಗಳೆಂದು ಹಿಡಿಯುತ್ತವೆ.

ಹೆಸರುಗಳು

ಸಂಸ್ಕೃತದ ‘ಋತು’ ಶಬ್ದಕ್ಕೆ ತಕ್ಕ ಕಾಲ ಎಂಬ ಅರ್ಥವಿದೆ. ಗ್ರಾಂಥಿಕ ಭಾಷೆಯಲ್ಲಿ ರಜಸ್ಸು, ಆರ್ತವ, ಮಾಸಿಕ ಸ್ರಾವ ಎಂಬ ಪದಗಳು ಬಳಕೆಯಲ್ಲಿವೆ. ಆಡುಮಾತಿನಲ್ಲಿ ‘ಮುಟ್ಟು’, ‘ಹೊರಗಾಗುವುದು’, ‘ತಿಂಗಳಾಗುವುದು’ ಎನ್ನುತ್ತಾರೆ. ಕನ್ನಡದಲ್ಲಿ ‘ತಿಂಗಳು’ ಎಂಬುದು ಚಂದ್ರನಿಗೂ ಮಾಸಕ್ಕೂ ಒಂದೇ ಹೆಸರು. ಚಾಂದ್ರಮಾಸದ ಉದ್ದವು ಸುಮಾರು 29.5 ದಿನಗಳಾಗಿದ್ದು, ಋತುಚಕ್ರದ ಸರಾಸರಿ ಅವಧಿಗೆ ಹತ್ತಿರವಾಗಿದೆ. ಆದರೆ ಚಕ್ರವನ್ನು ನಡೆಸುವುದು ಚಂದ್ರನಲ್ಲ, ದೇಹದೊಳಗಿನ ಹಾರ್ಮೋನುಗಳು. ಮೊದಲ ಬಾರಿ ಮುಟ್ಟಾಗುವುದನ್ನು ‘ಮೈನೆರೆಯುವುದು’ ಅಥವಾ ‘ದೊಡ್ಡವಳಾಗುವುದು’ ಎಂದೂ, ಮುಟ್ಟು ಶಾಶ್ವತವಾಗಿ ನಿಲ್ಲುವುದನ್ನು ‘ಋತುಬಂಧ’ ಎಂದೂ ಕರೆಯುತ್ತಾರೆ.

ಹಾರ್ಮೋನುಗಳು

ಹಾರ್ಮೋನೆಂದರೆ ಒಂದು ಗ್ರಂಥಿಯಲ್ಲಿ ಹುಟ್ಟಿ, ರಕ್ತದ ಮೂಲಕ ಹರಿದು, ಬೇರೊಂದು ಅಂಗಕ್ಕೆ ಆಜ್ಞೆಯನ್ನು ಮುಟ್ಟಿಸುವ ರಾಸಾಯನಿಕ. ಋತುಚಕ್ರದಲ್ಲಿ ಪಾತ್ರ ವಹಿಸುವ ಮುಖ್ಯ ಹಾರ್ಮೋನುಗಳು ಐದು.

1. ಜಿ.ಎನ್.ಆರ್.ಎಚ್.: ಮಿದುಳಿನ ಹೈಪೋಥಲಾಮಸ್ ಭಾಗದಲ್ಲಿ ಉತ್ಪತ್ತಿಯಾಗುತ್ತದೆ. ಇದು ಸತತವಾಗಿ ಹರಿಯದೆ, ನಾಡಿಯಂತೆ ಬಿಟ್ಟುಬಿಟ್ಟು ಸ್ರವಿಸುತ್ತದೆ. ಚಕ್ರದ ಮೊದಲರ್ಧದಲ್ಲಿ ಸುಮಾರು ಒಂದರಿಂದ ಒಂದೂವರೆ ಗಂಟೆಗೊಮ್ಮೆ ಈ ಮಿಡಿತವಿರುತ್ತದೆ. ಉತ್ತರಾರ್ಧದಲ್ಲಿ ಅದು ನಿಧಾನವಾಗುತ್ತದೆ.

2. ಎಫ್.ಎಸ್.ಎಚ್.: ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಜಿ.ಎನ್.ಆರ್.ಎಚ್.ನ ಆಜ್ಞೆಯಂತೆ ಸ್ರವಿಸುತ್ತದೆ. ಅಂಡಕೋಶಿಕೆಗಳನ್ನು ಬೆಳೆಸುವುದು ಇದರ ಕೆಲಸ.

3. ಎಲ್.ಎಚ್.: ಇದೂ ಪಿಟ್ಯುಟರಿಯದು. ಅಂಡಾಣುವಿನ ಬಿಡುಗಡೆಗೆ ಕಾರಣವಾಗುತ್ತದೆ.

4. ಈಸ್ಟ್ರೋಜನ್: ಬೆಳೆಯುವ ಅಂಡಕೋಶಿಕೆಯಿಂದ ಬರುತ್ತದೆ. ಗರ್ಭಕೋಶದ ಒಳಪೊರೆಯನ್ನು ಬೆಳೆಸುತ್ತದೆ. ಈ ಗುಂಪಿನಲ್ಲಿ ಪ್ರಮುಖವಾದುದು ಎಸ್ಟ್ರಡಯಾಲ್.

5. ಪ್ರೊಜೆಸ್ಟರಾನ್: ಅಂಡಾಣು ಹೊರಬಿದ್ದ ಮೇಲೆ ಉಳಿಯುವ ಹಳದಿ ಕಾಯದಿಂದ ಬರುತ್ತದೆ. ಬೆಳೆದ ಒಳಪೊರೆಯನ್ನು ಭ್ರೂಣದ ನೆಲೆಗೆ ತಕ್ಕಂತೆ ಸಜ್ಜುಗೊಳಿಸಿ ಕಾಪಾಡುತ್ತದೆ.

ಮಿದುಳು ಆಜ್ಞೆ ಮಾಡಿದರೆ ಅಂಡಾಶಯ ಕೇಳುತ್ತದೆ. ಅಂಡಾಶಯದ ಹಾರ್ಮೋನು ಹೆಚ್ಚಿದಾಗ ಮಿದುಳು ತನ್ನ ಆಜ್ಞೆಯನ್ನು ತಗ್ಗಿಸುತ್ತದೆ. ಈ ಹಿಮ್ಮುಖ ನಿಯಂತ್ರಣವೇ ಚಕ್ರದ ಮೂಲಸೂತ್ರ. ಇದಕ್ಕೆ ಒಂದೇ ಒಂದು ಮಹತ್ವದ ಅಪವಾದವಿದ್ದು, ಅದನ್ನು ಅಂಡೋತ್ಸರ್ಗದ ವಿವರಣೆಯಲ್ಲಿ ಕಾಣಬಹುದು.

ಅಂಡಾಶಯದ ಚಕ್ರ

ಕೋಶಿಕಾ ಹಂತ: ಹೆಣ್ಣುಮಗುವು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಪಕ್ವ ಅಂಡಾಣುಗಳಿರುತ್ತವೆ. ಮೈನೆರೆಯುವ ವೇಳೆಗೆ ಅವು 3ರಿಂದ 4 ಲಕ್ಷಕ್ಕೆ ಇಳಿಯುತ್ತವೆ. ಜೀವಮಾನದಲ್ಲಿ ಪಕ್ವವಾಗಿ ಹೊರಬರುವವು ಸುಮಾರು 400ರಿಂದ 500 ಮಾತ್ರ. ಮುಟ್ಟಿನ ಮೊದಲ ದಿನವನ್ನೇ ಚಕ್ರದ ಮೊದಲ ದಿನವೆಂದು ಎಣಿಸುತ್ತಾರೆ. ಆ ದಿನಗಳಲ್ಲಿ ಎಫ್.ಎಸ್.ಎಚ್. ಏರಿ, ಹಲವು ಅಂಡಕೋಶಿಕೆಗಳು ಒಟ್ಟಿಗೆ ಬೆಳೆಯತೊಡಗುತ್ತವೆ. ಅವು ಸ್ರವಿಸುವ ಈಸ್ಟ್ರೋಜನ್ ಮತ್ತು ಇನ್ಹಿಬಿನ್ ಎಂಬ ಹಾರ್ಮೋನುಗಳಿಂದ ಎಫ್.ಎಸ್.ಎಚ್. ತಗ್ಗುತ್ತದೆ. ಅಲ್ಪ ಪ್ರಮಾಣದ ಎಫ್.ಎಸ್.ಎಚ್.ನಲ್ಲಿಯೂ ಬೆಳೆಯಬಲ್ಲ ಒಂದು ಕೋಶಿಕೆ ಮಾತ್ರ ಮುಂದುವರಿಯುತ್ತದೆ, ಉಳಿದವು ಕ್ಷೀಣಿಸುತ್ತವೆ. ಸಾಮಾನ್ಯವಾಗಿ ಒಂದು ಚಕ್ರಕ್ಕೆ ಒಂದೇ ಅಂಡಾಣು ಹೊರಬರುವುದು ಈ ಕಾರಣದಿಂದ.

ಅಂಡೋತ್ಸರ್ಗ: ಪ್ರಧಾನ ಕೋಶಿಕೆಯು ಹೆಚ್ಚು ಹೆಚ್ಚು ಈಸ್ಟ್ರೋಜನ್ ಸ್ರವಿಸುತ್ತದೆ. ಈ ಹಾರ್ಮೋನು ಉನ್ನತ ಮಟ್ಟದಲ್ಲಿ ಸುಮಾರು ಎರಡು ದಿನ ನಿಂತರೆ, ಅದುವರೆಗೆ ತಡೆಯಾಗಿದ್ದದ್ದೇ ಪ್ರಚೋದನೆಯಾಗಿ ಮಾರ್ಪಡುತ್ತದೆ. ಮೇಲೆ ಹೇಳಿದ ಅಪವಾದ ಇದೇ. ಪಿಟ್ಯುಟರಿಯಿಂದ ಎಲ್.ಎಚ್. ಒಮ್ಮೆಲೇ ಉಕ್ಕಿ ಬರುತ್ತದೆ. ಈ ಉಕ್ಕು ಆರಂಭವಾದ ಸುಮಾರು 34ರಿಂದ 36 ಗಂಟೆಗಳಲ್ಲಿ ಕೋಶಿಕೆ ಬಿರಿದು ಅಂಡಾಣು ಹೊರಬಿದ್ದು ಅಂಡನಾಳವನ್ನು ಸೇರುತ್ತದೆ. ಅದು ಫಲಿತವಾಗಬಲ್ಲ ಕಾಲ 12ರಿಂದ 24 ಗಂಟೆಗಳು ಮಾತ್ರ. ವೀರ್ಯಾಣುವಾದರೋ ಸ್ತ್ರೀದೇಹದಲ್ಲಿ ಐದು ದಿನಗಳವರೆಗೂ ಬದುಕಿರಬಲ್ಲದು. ಹಾಗಾಗಿ ಗರ್ಭಧಾರಣೆಯ ಸಾಧ್ಯತೆಯಿರುವುದು ಅಂಡೋತ್ಸರ್ಗದ ದಿನ ಮತ್ತು ಅದರ ಹಿಂದಿನ ಐದು ದಿನಗಳಲ್ಲಿ.

ಲೂಟಿಯಲ್ ಹಂತ: ಬಿರಿದ ಕೋಶಿಕೆಯು ಹಳದಿ ಬಣ್ಣಕ್ಕೆ ತಿರುಗಿ ಹಳದಿ ಕಾಯವಾಗುತ್ತದೆ. ಇದನ್ನು ಕಾರ್ಪಸ್ ಲೂಟಿಯಮ್ ಎನ್ನುತ್ತಾರೆ. ಇದು ಪ್ರೊಜೆಸ್ಟರಾನನ್ನೂ ಈಸ್ಟ್ರೋಜನನ್ನೂ ಸ್ರವಿಸುತ್ತದೆ. ಪ್ರೊಜೆಸ್ಟರಾನಿನಿಂದ ದೇಹದ ಉಷ್ಣತೆ 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಗರ್ಭ ನಿಂತರೆ, ಭ್ರೂಣದ ಹೊರಪದರವು ಎಚ್.ಸಿ.ಜಿ. ಎಂಬ ಹಾರ್ಮೋನನ್ನು ಸ್ರವಿಸಿ ಹಳದಿ ಕಾಯವನ್ನು ಉಳಿಸುತ್ತದೆ. ಗರ್ಭಪರೀಕ್ಷೆಯ ಪಟ್ಟಿಯು ಮೂತ್ರದಲ್ಲಿ ಗುರುತಿಸುವುದು ಇದನ್ನೇ. ಗರ್ಭ ನಿಲ್ಲದಿದ್ದರೆ ಹಳದಿ ಕಾಯವು ಸುಮಾರು ಎರಡು ವಾರಗಳಲ್ಲಿ ನಶಿಸುತ್ತದೆ.

ಗರ್ಭಕೋಶದ ಚಕ್ರ

ಮುಟ್ಟಿನ ಹಂತ: ಹಳದಿ ಕಾಯ ನಶಿಸಿದಾಗ ಪ್ರೊಜೆಸ್ಟರಾನ್ ಮತ್ತು ಈಸ್ಟ್ರೋಜನ್ ಕುಸಿಯುತ್ತವೆ. ಒಳಪೊರೆಗೆ ರಕ್ತವನ್ನು ಒಯ್ಯುವ ಸುರುಳಿಯಾಕಾರದ ಅಪಧಮನಿಗಳು ಸಂಕುಚಿಸಿ, ಪೊರೆಯ ಮೇಲ್ಪದರವು ಕಳಚಿ ಬೀಳುತ್ತದೆ. ಆಗ ಉತ್ಪತ್ತಿಯಾಗುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ಗರ್ಭಕೋಶದ ಸ್ನಾಯುಗಳನ್ನು ಹಿಂಡುವುದರಿಂದ ಕಿಬ್ಬೊಟ್ಟೆಯ ನೋವು ಬರುತ್ತದೆ. ಸ್ರಾವವು ಸಾಮಾನ್ಯವಾಗಿ 3ರಿಂದ 7 ದಿನಗಳಿರುತ್ತದೆ. ಒಂದು ಮುಟ್ಟಿನಲ್ಲಿ ಹೋಗುವ ರಕ್ತ ಸರಾಸರಿ 30ರಿಂದ 40 ಮಿಲಿಲೀಟರ್. 80 ಮಿಲಿಲೀಟರನ್ನು ಮೀರಿದರೆ ಅತಿಸ್ರಾವವೆಂದು ಪರಿಗಣಿಸುತ್ತಾರೆ.

ವೃದ್ಧಿ ಹಂತ: ಕಳಚದೆ ಉಳಿದ ತಳಪದರದಿಂದ, ಈಸ್ಟ್ರೋಜನಿನ ಪ್ರಭಾವದಲ್ಲಿ ಹೊಸ ಪೊರೆ ಬೆಳೆಯುತ್ತದೆ. ಅಂಡೋತ್ಸರ್ಗ ಹತ್ತಿರವಾದಂತೆ ಗರ್ಭಕಂಠದ ಲೋಳೆಯು ತೆಳುವಾಗಿ, ಕೋಳಿಮೊಟ್ಟೆಯ ಬಿಳಿಯ ಭಾಗದಂತೆ ಎಳೆ ಬರುತ್ತದೆ.

ಸ್ರಾವಕ ಹಂತ: ಪ್ರೊಜೆಸ್ಟರಾನಿನ ಪ್ರಭಾವದಿಂದ ಒಳಪೊರೆಯ ಗ್ರಂಥಿಗಳು ಪೋಷಕ ದ್ರವವನ್ನು ಸ್ರವಿಸುತ್ತವೆ. ಭ್ರೂಣವು ಬಾರದಿದ್ದರೆ ಮತ್ತೆ ಮುಟ್ಟಿನ ಹಂತ ಬರುತ್ತದೆ.

ದಿನಗಳ ಎಣಿಕೆ

ಅಂಡೋತ್ಸರ್ಗವು ಎಲ್ಲರಿಗೂ 14ನೆಯ ದಿನವೇ ಆಗುತ್ತದೆಂಬುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳಿವಳಿಕೆ. ಲೂಟಿಯಲ್ ಹಂತವು ಬಹುಮಟ್ಟಿಗೆ ಸ್ಥಿರವಾಗಿದ್ದು, 12ರಿಂದ 14 ದಿನಗಳಿರುತ್ತದೆ. ಹೆಚ್ಚುಕಡಿಮೆಯಾಗುವುದು ಮುಖ್ಯವಾಗಿ ಕೋಶಿಕಾ ಹಂತ. ಆದಕಾರಣ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. 28 ದಿನಗಳ ಚಕ್ರದಲ್ಲಿ ಸುಮಾರು 14ನೆಯ ದಿನ, 35 ದಿನಗಳದರಲ್ಲಿ ಸುಮಾರು 21ನೆಯ ದಿನ, 24 ದಿನಗಳದರಲ್ಲಿ ಸುಮಾರು 10ನೆಯ ದಿನ ಅಂಡೋತ್ಸರ್ಗವಾಗುತ್ತದೆ. ಒಬ್ಬಳಲ್ಲಿಯೇ ತಿಂಗಳಿಂದ ತಿಂಗಳಿಗೆ ವ್ಯತ್ಯಾಸವಾಗುವುದರಿಂದ, ಈ ಲೆಕ್ಕವನ್ನು ಮಾತ್ರ ನೆಚ್ಚಿ ಗರ್ಭನಿರೋಧ ಮಾಡುವುದು ಭರವಸೆಯ ಮಾರ್ಗವಲ್ಲ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ ಮಿದುಳು ಮತ್ತು ಅಂಡಾಶಯಗಳ ಹೊಂದಾಣಿಕೆ ಪೂರ್ಣವಾಗಿರುವುದಿಲ್ಲ. ಆಗ ಚಕ್ರವು 45 ದಿನಗಳವರೆಗೆ ಹೋಗುವುದೂ ಸಹಜ.

ರೇಷ್ಮೆಹುಳು ಮತ್ತು ಹಾರ್ಮೋನು ಸಂಶೋಧನೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ರೇಷ್ಮೆ ಕೃಷಿಗೆ ಹೆಸರಾದವು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯು ಪ್ರಸಿದ್ಧವಾದುದು. ಋತುಚಕ್ರದ ಹಾರ್ಮೋನುಗಳ ಸಂಶೋಧನೆಗೂ ರೇಷ್ಮೆಹುಳುವಿಗೂ ಒಬ್ಬ ವಿಜ್ಞಾನಿಯ ಮೂಲಕ ನಂಟಿದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ 1929ರಲ್ಲಿ ಈಸ್ಟ್ರೋಜನ್ ಗುಂಪಿನ ಎಸ್ಟ್ರೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಅಮೆರಿಕದ ಎಡ್ವರ್ಡ್ ಡಾಯ್ಸಿ ಅವರೂ ಸ್ವತಂತ್ರವಾಗಿ ಇದನ್ನು ಸಾಧಿಸಿದರು. 1934ರಲ್ಲಿ ಪ್ರೊಜೆಸ್ಟರಾನನ್ನು ಬೇರ್ಪಡಿಸಿದವರಲ್ಲಿ ಬುಟೆನಾಂಟ್ ಒಬ್ಬರು. ಲೈಂಗಿಕ ಹಾರ್ಮೋನುಗಳ ಅಧ್ಯಯನಕ್ಕಾಗಿ 1939ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಇದೇ ಬುಟೆನಾಂಟ್, ಪೀಟರ್ ಕಾರ್ಲ್ಸನ್ ಅವರೊಡನೆ 1954ರಲ್ಲಿ 500 ಕಿಲೋಗ್ರಾಂ ರೇಷ್ಮೆ ಕೋಶಾವಸ್ಥೆಯ ಹುಳುಗಳಿಂದ ಕೇವಲ 25 ಮಿಲಿಗ್ರಾಂ ಎಕ್ಡೈಸೋನನ್ನು ಪಡೆದರು. ಹುಳು ಪೊರೆ ಕಳಚುವಂತೆ ಮಾಡುವ ಹಾರ್ಮೋನಿದು. ರೇಷ್ಮೆ ಬೆಳೆಗಾರರು ‘ಜ್ವರ’ ಎನ್ನುವ ನಾಲ್ಕು ಪೊರೆಬಿಡುವ ಅವಸ್ಥೆಗಳೂ, ಹುಳು ಹಣ್ಣಾಗಿ ಚಂದ್ರಿಕೆ ಏರಿ ಗೂಡು ಕಟ್ಟುವುದೂ ಹಾರ್ಮೋನುಗಳ ಏರಿಳಿತದಿಂದಲೇ ನಡೆಯುತ್ತವೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್, ಎಕ್ಡೈಸೋನ್ ಮೂರೂ ಸ್ಟೀರಾಯ್ಡ್ ಎಂಬ ಒಂದೇ ರಾಸಾಯನಿಕ ಕುಲಕ್ಕೆ ಸೇರಿದವು. ಹುಳು ಹೊರಪೊರೆಯನ್ನು ಕಳಚುತ್ತದೆ, ಗರ್ಭಕೋಶ ಒಳಪೊರೆಯನ್ನು ಕಳಚುತ್ತದೆ. ಕಾರ್ಯವಿಧಾನಗಳು ಬೇರೆಯಾದರೂ, ಎರಡೂ ಹಾರ್ಮೋನುಗಳ ಕಾಲಪಾಲನೆಗೆ ಒಳಪಟ್ಟವು.

ಆಚರಣೆಗಳು ಮತ್ತು ನಂಬಿಕೆಗಳು

ಹಳೆಯ ಮೈಸೂರು ಪ್ರಾಂತದ ಹಲವು ಕುಟುಂಬಗಳಲ್ಲಿ ಮೈನೆರೆದ ಹುಡುಗಿಗೆ ಸೋದರಮಾವನು ಹಸಿರು ಸೊಪ್ಪಿನ ಗುಡ್ಲು ಹಾಕಿಸುವುದು, ಎಳ್ಳು, ಬೆಲ್ಲ, ಕೊಬ್ಬರಿಗಳನ್ನು ತಿನ್ನಿಸುವುದು, ಆರತಿ ಎತ್ತಿ ಒಸಗೆ ಮಾಡುವುದು ರೂಢಿಯಲ್ಲಿದ್ದವು. ಸಂತೋಷದಿಂದ ಸ್ವಾಗತಿಸಿದ ಅದೇ ಮುಟ್ಟನ್ನು ಮರುತಿಂಗಳಿನಿಂದ ಮೈಲಿಗೆಯೆಂದು ಎಣಿಸಿ, ಅಡುಗೆಮನೆ, ದೇವರ ಮನೆಗಳಿಂದ ದೂರವಿರಿಸುವುದು ಈ ಆಚರಣೆಗಳ ಇನ್ನೊಂದು ಮುಖ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಿನಿಂದಾಚೆ ಇರಿಸುವ ಪದ್ಧತಿ ವರದಿಯಾಗಿದೆ.

ರೇಷ್ಮೆ ಸಾಕುವ ಕೆಲವು ಮನೆಗಳಲ್ಲಿ, ಮುಟ್ಟಾದವರು ಹುಳುಮನೆಗೆ ಹೋದರೆ ಬೆಳೆ ಕೆಡುತ್ತದೆಂಬ ನಂಬಿಕೆಯಿದೆ. ಇದಕ್ಕೆ ಆಧಾರವಿಲ್ಲ. ಹಾಲುತೊಂಡೆ ರೋಗಕ್ಕೆ ವೈರಸ್, ಸುಣ್ಣಕಟ್ಟು ರೋಗಕ್ಕೆ ಶಿಲೀಂಧ್ರ, ಗಂಟುರೋಗಕ್ಕೆ ನೊಸೆಮಾ ಎಂಬ ಸೂಕ್ಷ್ಮಜೀವಿ ಕಾರಣ. ಇವು ಸೋಂಕಿನ ಮೊಟ್ಟೆ, ಸೋಂಕಿನ ಸೊಪ್ಪು, ಶುದ್ಧಿ ಮಾಡದ ತಟ್ಟೆ ಮತ್ತು ತೊಳೆಯದ ಕೈಕಾಲುಗಳಿಂದ ಹರಡುತ್ತವೆ. ಹುಳುಮನೆಯನ್ನು ಕಾಪಾಡುವುದು ಬ್ಲೀಚಿಂಗ್ ಪುಡಿ, ಸುಣ್ಣ ಮತ್ತು ಶುಚಿತ್ವ. ಮುಟ್ಟಿನ ರಕ್ತವು ಕೆಟ್ಟ ರಕ್ತವಲ್ಲ. ಅದರಲ್ಲಿರುವುದು ಸಾಮಾನ್ಯ ರಕ್ತ, ಒಳಪೊರೆಯ ತುಣುಕುಗಳು ಮತ್ತು ಲೋಳೆ.

ಕರ್ನಾಟಕದಲ್ಲಿ ಈ ಭಾವನೆಗೆ ವಿರೋಧವೂ ಹಳೆಯದು. 12ನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. 2017ರಲ್ಲಿ ಅಂಗೀಕೃತವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯುವ ರಾಜ್ಯ ಕಾಯ್ದೆಯು ಮುಟ್ಟಾದ ಅಥವಾ ಗರ್ಭಿಣಿಯಾದ ಸ್ತ್ರೀಯರನ್ನು ಬಲವಂತವಾಗಿ ಪ್ರತ್ಯೇಕಿಸುವುದನ್ನು ಅಪರಾಧವೆಂದು ಪರಿಗಣಿಸುತ್ತದೆ.

ಆರೋಗ್ಯ

ಪ್ರತಿ ತಿಂಗಳ ರಕ್ತನಷ್ಟದೊಡನೆ ದೇಹದಿಂದ ಕಬ್ಬಿಣದ ಅಂಶವೂ ಹೋಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹುರುಳಿ, ಸೊಪ್ಪು, ಕಾಳು, ಮಾಂಸಗಳು ಕಬ್ಬಿಣವನ್ನು ಒದಗಿಸುತ್ತವೆ. ಜೊತೆಗೆ ನಿಂಬೆ, ನೆಲ್ಲಿಕಾಯಿಗಳಿದ್ದರೆ ಅದು ಹೆಚ್ಚು ಹೀರಲ್ಪಡುತ್ತದೆ. ಊಟದೊಡನೆ ಕಾಫಿ, ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಬಟ್ಟೆಯನ್ನು ಬಳಸುವವರು ಅದನ್ನು ಸಾಬೂನಿನಿಂದ ಒಗೆದು, ಮರೆಯಲ್ಲಿ ಮುಚ್ಚಿಡದೆ ಬಿಸಿಲಿನಲ್ಲಿ ಒಣಗಿಸಬೇಕು. ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಬದಲಿಸುವುದು ಒಳ್ಳೆಯದು. ಮುಟ್ಟಿನ ದಿನಗಳಲ್ಲಿ ಸ್ನಾನ, ನಡಿಗೆ, ಆಟಗಳಿಗೆ ಅಡ್ಡಿಯಿಲ್ಲ.

ಕೆಳಗಿನ ಸಂದರ್ಭಗಳಲ್ಲಿ ವೈದ್ಯರನ್ನು ಕಾಣಬೇಕು:

• 15 ವರ್ಷವಾದರೂ ಮುಟ್ಟು ಆರಂಭವಾಗದಿದ್ದರೆ
• ಗರ್ಭಿಣಿಯಲ್ಲದಿದ್ದೂ ಮೂರು ತಿಂಗಳು ಮುಟ್ಟು ನಿಂತರೆ
• ಸ್ರಾವವು ಎಂಟು ದಿನ ಮೀರಿದರೆ, ಅಥವಾ ಗಂಟೆಗೊಂದು ಪ್ಯಾಡ್ ಬದಲಿಸುವಂತಾದರೆ
• ಶಾಲೆಗೆ, ಕೆಲಸಕ್ಕೆ ಹೋಗಲಾಗದಷ್ಟು ನೋವು ಪ್ರತಿ ತಿಂಗಳೂ ಬಂದರೆ
• ಎರಡು ಮುಟ್ಟುಗಳ ನಡುವೆ ರಕ್ತ ಕಂಡರೆ
• ಋತುಬಂಧವಾದ ಮೇಲೆ ಎಷ್ಟೇ ಅಲ್ಪವಾಗಿ ರಕ್ತ ಕಾಣಿಸಿದರೂ

ಥೈರಾಯ್ಡ್ ದೋಷ, ಪಿ.ಸಿ.ಒ.ಎಸ್., ಎಂಡೊಮೆಟ್ರಿಯೋಸಿಸ್, ತೀವ್ರ ತೂಕನಷ್ಟ ಮತ್ತು ಮಾನಸಿಕ ಒತ್ತಡಗಳು ಚಕ್ರವನ್ನು ಏರುಪೇರು ಮಾಡುವ ಸಾಮಾನ್ಯ ಕಾರಣಗಳಲ್ಲಿ ಸೇರಿವೆ. ಕೊನೆಯ ಮುಟ್ಟಾಗಿ 12 ತಿಂಗಳು ಕಳೆದರೆ ಅದನ್ನು ಋತುಬಂಧವೆನ್ನುತ್ತಾರೆ. ಆಗ ಅಂಡಾಶಯದ ಈಸ್ಟ್ರೋಜನ್ ಕುಗ್ಗಿ, ಮೈ ಬಿಸಿಯೇರುವುದು, ನಿದ್ರಾಭಂಗ, ಮೂಳೆಗಳ ದುರ್ಬಲತೆ ಕಾಣಿಸಿಕೊಳ್ಳಬಹುದು.

ಸರ್ಕಾರಿ ಕ್ರಮಗಳು

ಕರ್ನಾಟಕ ಸರ್ಕಾರದ ‘ಶುಚಿ’ ಯೋಜನೆಯು ಹದಿಹರೆಯದ ಬಾಲಕಿಯರಿಗೆ ಉಚಿತವಾಗಿ ಸ್ಯಾನಿಟರಿ ಪ್ಯಾಡ್‌ಗಳನ್ನು ಒದಗಿಸುವ ಉದ್ದೇಶದ್ದು. 2018ರ ಜುಲೈ ತಿಂಗಳಲ್ಲಿ ಸ್ಯಾನಿಟರಿ ಪ್ಯಾಡ್‌ಗಳ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನು ತೆಗೆದುಹಾಕಲಾಯಿತು. 2025ರ ಅಕ್ಟೋಬರ್ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು ಸರ್ಕಾರಿ ಮತ್ತು ಖಾಸಗಿ ವಲಯಗಳ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ನೀಡಿತು.